ಇಂಚರ ‘ಇನ್‌ಖಾರಾ’ ಆದಾಗ

ಮುಂದಿನ ತಿಂಗಳು ನಮ್ಮ ಮನೆಗೆ ಮಗಳು ಬರಲಿದ್ದಾಳೆ. ಊರಿನಲ್ಲಾಗಿದ್ದರೆ ಹನ್ನೊಂದನೆಯ ಅಥವಾ ಹನ್ನೆರಡನೆಯ ದಿನದ ನಾಮಕರಣದವರೆಗೆ ಹೆಸರಿನ ಚರ್ಚೆ ನಡೆಸಬಹುದಿತ್ತು. ಆಮ್ಸ್ಟರ್‌ಡ್ಯಾಮ್‌ನಲ್ಲಿ ಆ ಸಾವಕಾಶವಿಲ್ಲ. ಹುಟ್ಟಿದ 3 ದಿನಗಳೊಳಗೆ ನಗರಾಡಳಿತದಲ್ಲಿ ನೋಂದಣಿಯಾಗಬೇಕು, ಹೆಸರನ್ನೂ ಆಗಲೇ ಕೊಡಬೇಕು. ಆಮೇಲೆ ಬದಲಿಸಬೇಕೆಂದರೆ ವಕೀಲರ ಮೂಲಕ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು.

ನಾವು ಆರಿಸಿಕೊಂಡಿರುವ ಹೆಸರು ಇಂಚರ. ‘ಇನ್’ ಎಂದರೆ ಇನಿದಾದ, ಸಿಹಿಯಾದ. ‘ಸರ’ ಎಂಬುದು ಸಂಸ್ಕೃತದ ಸ್ವರದ ತದ್ಭವ. ಎರಡೂ ಸೇರಿದಾಗ ಸಕಾರ ಹೋಗಿ ಚಕಾರ ಬರುತ್ತದೆ. ಶಾಲೆಯಲ್ಲಿ ಆದೇಶ ಸಂಧಿಗೆ ನೀವೂ ಈ ಉದಾಹರಣೆ ಬರೆದಿರಬಹುದು. ಇಂಪಾದ ದನಿ, ಹಕ್ಕಿಯ ಹಾಡು ಎಂದು ಅರ್ಥ.

ಈ ದೇಶದಲ್ಲಿ ಯಾವ ಹೆಸರು ಎಷ್ಟು ಜನರಿಗಿದೆ ಎಂದು ನೋಡಲು ನಮ್ಮ ನಗರದ್ದೇ ಆದ ಮೇರ್ಟೆನ್ಸ್ ಸಂಸ್ಥೆಯ ಹೆಸರುಗಳ ಕೋಶವಿದೆ. ಜಾಲದಲ್ಲಿ ಯಾರು ಬೇಕಾದರೂ ಹುಡುಕಬಹುದು. 1880ರಿಂದ ಈಚೆಗೆ ಒಂದು ಹೆಸರು ಏರಿ ಇಳಿದ ರೇಖೆಯನ್ನೂ ಅದು ತೋರಿಸುತ್ತದೆ. ತೀರಾ ಅಪರೂಪದ ಹೆಸರಾದರೆ ಸಂಖ್ಯೆಯ ಬದಲು ‘5ಕ್ಕಿಂತ ಕಡಿಮೆ’ ಎಂದಷ್ಟೇ ಇರುತ್ತದೆ.

ಅಪರೂಪವಾಗಿರುವುದು ನಮಗೆ ತೊಂದರೆಯಲ್ಲ. ತೊಂದರೆ ಉಚ್ಚಾರಣೆಯದು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಪ್ರಯೋಗಾಲಯದ ಗೆಳೆಯನಿಗೆ ತೋರಿಸಿದೆ. ‘ಇನ್‌ಖಾರಾ’ ಎಂದು ಓದಿದ. ಡಚ್ಚರಿಗೆ ಸಿ ಮತ್ತು ಎಚ್ ಸೇರಿದರೆ ಗಂಟಲಿನಿಂದ ಬರುವ ಖಕಾರ. ಸಿಹಿ ದನಿ ಹೋಗಿ ಖಾರವೇ ಉಳಿಯಿತು! ಗೌರಿಯ ಜಿ ಅಕ್ಷರಕ್ಕೂ ಇದೇ ಗತಿ. ಜಯಾ ಇಲ್ಲಿ ಯಾಯಾ ಆಗುತ್ತಾಳೆ.

ಹಾಗಾದರೆ ಚಕಾರಕ್ಕೆ ಡಚ್ಚರಂತೆ ಟಿ ಮತ್ತು ಜೆ ಬಳಸೋಣವೇ? ಆಗ ಊರಿನ ಅಜ್ಜಿ ಪಾಸ್‌ಪೋರ್ಟ್ ನೋಡಿ ‘ಇಂಟ್‌ಜರ’ ಎನ್ನುತ್ತಾರೆ. ಸುಲಭದ ಬೇರೆ ಹೆಸರು ಇಡೋಣ ಎಂದೂ ಒಂದು ವಾರ ಯೋಚಿಸಿದೆವು. ಹೆಂಡತಿ ಒಂದು ಮಾತು ಹೇಳಿದಳು: “ಇಲ್ಲಿನವರು ಷಾರ್ಲಟ್ ಹೆಸರಿನ ಸಿಎಚ್ ಅನ್ನು ಖ ಎಂದು ಓದುವುದಿಲ್ಲವಲ್ಲ. ಆ ಹೆಸರನ್ನು ಕಲಿತವರು ಇದನ್ನೂ ಕಲಿಯುತ್ತಾರೆ.” ನಿಜ. ಊರಿನ ಕಾಗುಣಿತವನ್ನೇ ಉಳಿಸಿಕೊಂಡೆವು.

ಹೇಳಿಕೊಡುವ ದಾರಿಯೂ ಸಿಕ್ಕಿತು. ವಸಂತದಲ್ಲಿ ಇಲ್ಲಿಯ ಉದ್ಯಾನಗಳಲ್ಲಿ ‘ಚಿಫ್ ಚಾಫ್’ ಎಂದು ಕೂಗುವ ಪುಟ್ಟ ಹಕ್ಕಿಯೊಂದಿದೆ. ಕೂಗೇ ಅದರ ಡಚ್ ಹೆಸರು. “ಆ ಹಕ್ಕಿಯ ಚ” ಎಂದೆ. ಗೆಳೆಯ ಎರಡನೆಯ ಸಲಕ್ಕೆ ‘ಇಂಚರಾ’ ಎಂದ.

ನೀವೂ ಹೆಸರು ಹುಡುಕುತ್ತಿದ್ದರೆ ಒಂದು ಕೆಲಸ ಮಾಡಿ. ನೋಂದಣಿಗೆ ಮೊದಲೇ ಹೆಸರನ್ನು ಚೀಟಿಯಲ್ಲಿ ಬರೆದು ನೀವಿರುವ ಊರಿನ ಮೂವರಿಂದ, ನಮ್ಮೂರಿನ ಒಬ್ಬರಿಂದ ಓದಿಸಿ. ತಪ್ಪು ಓದಿದರೆ ಹೆಸರು ಬಿಡಬೇಕಿಲ್ಲ. ಹೇಗೆ ತಿದ್ದಬೇಕೆಂದು ಗೊತ್ತಿದ್ದರೆ ಸಾಕು. ಮಗುವಿಗೂ ಮುಂದೆ ಆ ತಿದ್ದುಪಡಿಯನ್ನು ಹೇಳಿಕೊಡಿ. ಶಾಲೆಯ ಮೊದಲ ದಿನ ಅವಳ ಜೊತೆ ನಾವು ಇರುವುದಿಲ್ಲವಲ್ಲ.