ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಕೆಟ್ಟ ವಿಡಿಯೋ ಗೇಮ್ ಹೇಳುವ ಪಾಠ

ಮನೆಯಲ್ಲಿ ವಿಡಿಯೋ ಗೇಮ್ ಪೆಟ್ಟಿಗೆ ಕೆಟ್ಟು ಕೂತಿತೆಂದರೆ ಎರಡು ಮಾತುಗಳು ತಪ್ಪದೆ ಕೇಳಿಬರುತ್ತವೆ. "ನೀನೇ ಏನೋ ಮಾಡಿರಬೇಕು" ಎನ್ನುವುದು ಅಪ್ಪನ ಮಾತು. "ನಮ್ಮ ಕಾಲದ ಸಾಮಾನು ಹೀಗೆಲ್ಲಾ ಕೆಡುತ್ತಿರಲಿಲ್ಲ" ಎನ್ನುವುದು ಅಜ್ಜನ ಮಾತು. ಮೊದಲನೆಯದು ಆರೋಪ, ಎರಡನೆಯದು ತೀರ್ಪು. ಎರಡಕ್ಕೂ ಸಾಕ್ಷಿ ಮಾತ್ರ ಇರುವುದಿಲ್ಲ. ಹುಡುಗ ಬೈಸಿಕೊಳ್ಳುತ್ತಾನೆ, ಪೆಟ್ಟಿಗೆ ಅಟ್ಟ ಸೇರುತ್ತದೆ, ಕೆಲವು ದಿನಗಳಲ್ಲಿ ಹೊಸದೊಂದಕ್ಕೆ ಹಟ ಶುರುವಾಗುತ್ತದೆ. ಈ ನಡುವೆ ಒಂದು ಒಳ್ಳೆಯ ವಿಜ್ಞಾನ ಪಾಠ ಕೈತಪ್ಪಿ ಹೋಗಿರುತ್ತದೆ.

ಆ ಪಾಠ ಯಾವುದೆಂದು ಚಳ್ಳಕೆರೆ ಸೀಮೆಯ ರೈತರನ್ನು ಕೇಳಬೇಕು. ಕೊಳವೆಬಾವಿಯ ನೀರು ನಿಂತರೆ ಅವರು ಮೊದಲೇ ಮೋಟಾರು ಮೇಲಕ್ಕೆತ್ತುವುದಿಲ್ಲ. ಕರೆಂಟು ಇದೆಯೇ ಎಂದು ನೋಡುತ್ತಾರೆ. ಮೂರೂ ಫೇಸ್ ಬರುತ್ತಿದೆಯೇ, ಫ್ಯೂಸ್ ಹೋಗಿದೆಯೇ, ಸ್ಟಾರ್ಟರ್ ಹಿಡಿಯುತ್ತಿದೆಯೇ ಎಂದು ಒಂದೊಂದಾಗಿ ಪರೀಕ್ಷಿಸುತ್ತಾರೆ. ನೂರಾರು ಅಡಿ ಆಳದಿಂದ ಪೈಪು ಸಮೇತ ಮೋಟಾರು ಎತ್ತುವುದು ದುಬಾರಿ ಕೆಲಸ, ಆದ್ದರಿಂದ ಅದು ಕೊನೆಯ ಮಾತು. ಸುಲಭವಾದ ಪರೀಕ್ಷೆ ಮೊದಲು, ಕಷ್ಟದ್ದು ಆಮೇಲೆ. ಒಂದು ಸಲಕ್ಕೆ ಒಂದೇ ಬದಲಾವಣೆ. ದೋಷ ಹುಡುಕುವ ಶಾಸ್ತ್ರದ ಮೊದಲ ಎರಡು ಸೂತ್ರಗಳು ಇವೇ.

ಇದನ್ನು ವಿಡಿಯೋ ಗೇಮಿಗೆ ಹಚ್ಚಿ ನೋಡೋಣ. 1983ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ 'ಫ್ಯಾಮಿಕಾಮ್' ಎಂಬ ಎಂಟು ಬಿಟ್‌ನ ಆಟದ ಪೆಟ್ಟಿಗೆಯನ್ನು ಹೊರತಂದಿತು. ತೊಂಬತ್ತರ ದಶಕದಲ್ಲಿ ನಮ್ಮ ದೇಶದ ಮನೆಮನೆಗೆ ಬಂದ ಟಿ.ವಿ. ಗೇಮುಗಳಲ್ಲಿ ಹೆಚ್ಚಿನವು ಇದರ ನಕಲುಗಳೇ. ಕ್ಯಾಸೆಟ್ ಎಂದು ಮಕ್ಕಳು ಕರೆಯುತ್ತಿದ್ದ ಆಟದ ಕಾರ್ಟ್ರಿಡ್ಜ್, ಎರಡು ಕೈಪಿಡಿಗಳು, ಒಂದು ಅಡಾಪ್ಟರ್, ಟಿ.ವಿ.ಗೆ ಹೋಗುವ ತಂತಿ: ಇಷ್ಟೇ ಅದರ ಸಂಸಾರ. ಸರಳ ಯಂತ್ರವಾದ್ದರಿಂದ ಕಲಿಯಲು ಅನುಕೂಲ.

ಪರದೆಯ ಮೇಲೆ ಏನೂ ಬರುತ್ತಿಲ್ಲ ಎನ್ನೋಣ. ಮೊದಲ ಪ್ರಶ್ನೆ: ಆ ಪ್ಲಗ್‌ಪಾಯಿಂಟಿನಲ್ಲಿ ಬೇರೆ ಉಪಕರಣ ನಡೆಯುತ್ತದೆಯೇ? ಎರಡನೆಯದು: ಟಿ.ವಿ. ಸರಿಯಾದ ಎ.ವಿ. ಚಾನೆಲ್ಲಿನಲ್ಲಿದೆಯೇ? ಮೂರನೆಯದು: ಅಡಾಪ್ಟರಿನಿಂದ ಹೊರಬರುವ ವೋಲ್ಟೇಜು ಅದರ ಮೇಲೆ ಬರೆದಷ್ಟಿದೆಯೇ? ಇದನ್ನು ದೊಡ್ಡವರ ಜೊತೆಯಲ್ಲಿ ಒಂದು ಮಲ್ಟಿಮೀಟರಿನಿಂದ ಅಳೆಯಬಹುದು. ನಾಲ್ಕನೆಯದು: ತಂತಿ ಮಡಚುವ ಕುತ್ತಿಗೆಯ ಭಾಗವನ್ನು ಮೆಲ್ಲಗೆ ಅಲುಗಿಸಿದಾಗ ಚಿತ್ರ ಬಂದು ಹೋಗುತ್ತದೆಯೇ? ಬಂದು ಹೋದರೆ ಒಳಗಿನ ಎಳೆ ತುಂಡಾಗಿದೆ ಎಂದರ್ಥ. ಕಬ್ಬಿಣದ ತಂತಿಯನ್ನು ಮತ್ತೆ ಮತ್ತೆ ಮಡಚಿ ಮುರಿಯುವ ಹಾಗೆಯೇ ತಾಮ್ರದ ಎಳೆಗಳೂ ಬಳಲಿ ಮುರಿಯುತ್ತವೆ. ಲೋಹಕ್ಕೂ ಆಯಾಸವಿದೆ.

ಈ ನಾಲ್ಕೂ ಪರೀಕ್ಷೆಗಳಲ್ಲಿ ಪೆಟ್ಟಿಗೆಯ ಒಂದು ಸ್ಕ್ರೂ ಕೂಡ ಬಿಚ್ಚಿಲ್ಲ ಎಂಬುದನ್ನು ಗಮನಿಸಬೇಕು. ತಪ್ಪು ಅಡಾಪ್ಟರಿನದಾಗಿದ್ದು ಪೆಟ್ಟಿಗೆಯನ್ನು ಬಿಚ್ಚಿ ಕೆದಕಿದರೆ, ಅದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

ಇನ್ನು ಆ ಪ್ರಸಿದ್ಧ 'ಊದುವಿಕೆ'. ಕ್ಯಾಸೆಟ್ ಓಡದಿದ್ದರೆ ಅದರ ಬಾಯಿಗೆ ಊದಿ ಮತ್ತೆ ಹಾಕುವುದನ್ನು ಜಗತ್ತಿನ ಮಕ್ಕಳೆಲ್ಲಾ ಯಾರೂ ಹೇಳಿಕೊಡದೆ ಕಲಿತಿದ್ದರು. ಊದಿದರೆ ಹಲವು ಸಲ ಆಟ ಶುರುವಾಗುತ್ತಿತ್ತು ಕೂಡ. ಆದರೆ ಸರಿಪಡಿಸಿದ್ದು ಊದಿದ ಗಾಳಿಯಲ್ಲ, ತೆಗೆದು ಮತ್ತೆ ಸೇರಿಸಿದ ಕ್ರಿಯೆ. ಸೇರಿಸುವಾಗ ಲೋಹದ ಪಟ್ಟಿಗಳು ಒಂದಕ್ಕೊಂದು ಉಜ್ಜಿ ಹೊಸದಾಗಿ ಸಂಪರ್ಕ ಕೂಡುತ್ತದೆ. ಉಸಿರಿನ ತೇವವಾದರೋ ನಿಧಾನವಾಗಿ ಅದೇ ಲೋಹವನ್ನು ತುಕ್ಕಿಗೆ ಒಡ್ಡುತ್ತದೆ. ಇದನ್ನು ತಿಳಿಯಲು ಒಂದೇ ದಾರಿ: ಹತ್ತು ಸಲ ಊದಿ ಹಾಕಬೇಕು, ಹತ್ತು ಸಲ ಊದದೆ ಹಾಕಬೇಕು, ಫಲವನ್ನು ಬರೆದಿಡಬೇಕು. ಊದದೆಯೂ ಅಷ್ಟೇ ಸಲ ಆಟ ಬಂದರೆ ಊದುವಿಕೆಯ ಪಾತ್ರವೇನೂ ಇಲ್ಲವೆಂದಾಯಿತು. ಔಷಧಿ ಪರೀಕ್ಷೆಯಲ್ಲೂ ವಿಜ್ಞಾನಿಗಳು ಹೀಗೆಯೇ ಹೋಲಿಸಿ ನೋಡುತ್ತಾರೆ. ಪಟ್ಟಿಗಳನ್ನು ಶುಚಿ ಮಾಡಬೇಕಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯ ಕಡ್ಡಿ ಸಾಕು. ಒಣಗಿದ ಮೇಲಷ್ಟೇ ಹಾಕಬೇಕು.

ಅಡಾಪ್ಟರಿನ ವಿಷಯದಲ್ಲಿ ಒಂದು ಲೆಕ್ಕ. ಇಂಥ ಹಲವು ಪೆಟ್ಟಿಗೆಗಳಿಗೆ 9 ವೋಲ್ಟ್ ಕೊಡುತ್ತಾರೆ. ಒಳಗಿನ ಚಿಪ್ಪುಗಳಿಗೆ ಬೇಕಾದದ್ದು 5 ವೋಲ್ಟ್. ನಡುವಿನ 4 ವೋಲ್ಟನ್ನು 7805 ಎಂಬ ಮೂರು ಕಾಲಿನ ರೆಗ್ಯುಲೇಟರ್ ಶಾಖವಾಗಿ ಕಳೆಯುತ್ತದೆ. 0.4 ಆಂಪಿಯರ್ ಹರಿದರೆ 4 × 0.4, ಅಂದರೆ 1.6 ವ್ಯಾಟ್ ಶಾಖ. 'ಪಿನ್ನು ಕೂರುತ್ತದಲ್ಲ' ಎಂದು ಯಾರಾದರೂ 12 ವೋಲ್ಟಿನ ಅಡಾಪ್ಟರ್ ಸಿಕ್ಕಿಸಿದರೆ? 7 × 0.4, ಅಂದರೆ 2.8 ವ್ಯಾಟ್. ಆಟ ಮೊದಲಿನಂತೆಯೇ ನಡೆಯಬಹುದು, ಆದರೆ ಆ ಬಡಪಾಯಿ ಬಿಡಿಭಾಗ ಮುಕ್ಕಾಲು ಪಾಲು ಹೆಚ್ಚು ಬೇಯುತ್ತಿರುತ್ತದೆ. ಪಿನ್ನಿನ ಧನ, ಋಣ ಅದಲುಬದಲಾದರಂತೂ ಕೆಲವು ಪೆಟ್ಟಿಗೆಗಳು ಅಲ್ಲಿಗೇ ಮುಗಿದವು.

ಶಾಖದ ಮಾತು ಬಂತು. ವಿದ್ಯುನ್ಮಾನ ಉಪಕರಣಗಳ ಆಯುಷ್ಯದ ಗುಟ್ಟು ಬಹುಪಾಲು ಅದರಲ್ಲೇ ಇದೆ. ಪೆಟ್ಟಿಗೆಯೊಳಗೆ ಸಣ್ಣ ಡಬ್ಬಿಯಂತೆ ನಿಂತಿರುವ ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರುಗಳಲ್ಲಿ ದ್ರವವಿರುತ್ತದೆ. ಬಿಸಿಯಾದಂತೆಲ್ಲಾ ಅದು ಬೇಗ ಆರುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಆಯುಷ್ಯ ಅರ್ಧವಾಗುತ್ತದೆ ಎಂಬುದು ಎಂಜಿನಿಯರುಗಳು ಬಳಸುವ ಸ್ಥೂಲ ನಿಯಮ. 105 ಡಿಗ್ರಿ ಸೆಲ್ಸಿಯಸ್‌ನಲ್ಲಿ 2,000 ಗಂಟೆ ಬಾಳುವ ಕೆಪ್ಯಾಸಿಟರು 85 ಡಿಗ್ರಿಯಲ್ಲಿ 8,000 ಗಂಟೆ, 65 ಡಿಗ್ರಿಯಲ್ಲಿ 32,000 ಗಂಟೆ ಬಾಳಬೇಕು. ದಿನಕ್ಕೆ 4 ಗಂಟೆ ಆಡಿದರೆ ಮೊದಲನೆಯದು ಸುಮಾರು ಐದೂವರೆ ವರ್ಷ, ಎರಡನೆಯದು ಹೆಚ್ಚುಕಡಿಮೆ 22 ವರ್ಷ. ವ್ಯತ್ಯಾಸ ಬರೀ 20 ಡಿಗ್ರಿ! ಗಾಳಿ ಆಡುವ ಮೇಜಿನ ಮೇಲಿಟ್ಟ ಪೆಟ್ಟಿಗೆಗೂ, ಹಾಸಿಗೆಯ ಮೇಲೆ ಹೊದಿಕೆಯ ನಡುವೆ ಹುದುಗಿಸಿಟ್ಟ ಪೆಟ್ಟಿಗೆಗೂ ಇರುವ ಅಂತರ ಇದೇ. ಕೆಂಪು ಧೂಳು ಏಳುವ ಬಯಲುಸೀಮೆಯಲ್ಲಿ ಗಾಳಿಕಿಂಡಿಗಳನ್ನು ಒಣ ಬ್ರಷ್ಷಿನಿಂದ ಆಗಾಗ ಶುಚಿ ಮಾಡುವುದು ಇದಕ್ಕಾಗಿಯೇ.

ಚಳ್ಳಕೆರೆಯ ಮಕ್ಕಳಿಗೆ ಇನ್ನೊಂದು ಪಾಠ ಮನೆಯ ಕಂಬಳಿಯಲ್ಲೇ ಇದೆ. ಚಳಿಗಾಲದ ಕತ್ತಲಲ್ಲಿ ಉಣ್ಣೆಯ ಕಂಬಳಿ ಕೊಡವಿದರೆ ಚಿಟಪಟ ಸದ್ದಿನೊಡನೆ ಕಿಡಿಗಳು ಕಾಣುತ್ತವೆ. ಅದು ಸ್ಥಿರ ವಿದ್ಯುತ್ತು. ಬೆರಳಿಗೆ ಚುರ್ ಎನ್ನಿಸುವ ಇಂಥ ಕಿಡಿಗೆ ಸುಮಾರು 3,000 ವೋಲ್ಟ್ ಬೇಕು. ಹರಿಯುವ ವಿದ್ಯುದಾವೇಶ ಅತ್ಯಲ್ಪವಾದ್ದರಿಂದ ಮನುಷ್ಯನಿಗೆ ಅಪಾಯವಿಲ್ಲ. ಆದರೆ ಕೆಲವು ಚಿಪ್ಪುಗಳು ಅದರ ಹತ್ತನೆಯ ಒಂದು ಪಾಲಿಗಿಂತ ಕಡಿಮೆ ವೋಲ್ಟೇಜಿನಲ್ಲೇ ಸುಟ್ಟುಹೋಗಬಲ್ಲವು, ಆಗ ನಮಗೆ ಕಿಡಿ ಕಾಣುವುದೂ ಇಲ್ಲ. ಒಣ ಹವೆಯ ಊರಿನಲ್ಲಿ ಕಂಬಳಿಯ ಮೇಲೆ ಕುಳಿತು ಸರ್ಕ್ಯೂಟ್ ಬೋರ್ಡನ್ನು ಕೈಯಲ್ಲಿ ಹಿಡಿಯಬಾರದು ಎನ್ನುವುದು ಮಡಿವಂತಿಕೆಯಲ್ಲ, ಭೌತಶಾಸ್ತ್ರ.

ಈಗ ಅಜ್ಜನ ತೀರ್ಪಿಗೆ ಬರೋಣ. ಹಿಂದಿನ ಸಾಮಾನು ನಿಜಕ್ಕೂ ಗಟ್ಟಿಯಾಗಿತ್ತೇ?

ಹೌದು ಎನ್ನುವವರ ಬಳಿ ಒಳ್ಳೆಯ ಉದಾಹರಣೆ ಇದೆ. 1989ರಲ್ಲಿ ಬಂದ 'ಗೇಮ್ ಬಾಯ್' ಎಂಬ ಅಂಗೈ ಆಟಿಕೆಯೊಂದು 1990–91ರ ಕೊಲ್ಲಿ ಯುದ್ಧದಲ್ಲಿ ಬೆಂಕಿಗೆ ಸಿಕ್ಕಿ ಹೊರಕವಚ ಕರಗಿಹೋದರೂ ಕೆಲಸ ಮಾಡುತ್ತಿತ್ತು. ಅದನ್ನು ನಿಂಟೆಂಡೊ ಕಂಪನಿ ನ್ಯೂಯಾರ್ಕಿನ ತನ್ನ ಮಳಿಗೆಯಲ್ಲಿ ವರ್ಷಗಟ್ಟಲೆ ಪ್ರದರ್ಶನಕ್ಕಿಟ್ಟಿತ್ತು. ಎದುರಿಗೆ, 2005ರಲ್ಲಿ ಬಂದ ಮೈಕ್ರೋಸಾಫ್ಟಿನ 'ಎಕ್ಸ್‌ಬಾಕ್ಸ್ 360' ಕೆಂಪು ದೀಪಗಳನ್ನು ತೋರಿಸಿ ಕೆಟ್ಟು ನಿಲ್ಲುತ್ತಿದ್ದುದು ಎಷ್ಟು ವ್ಯಾಪಕವಾಯಿತೆಂದರೆ, 2007ರ ಜುಲೈನಲ್ಲಿ ಕಂಪನಿ ಆ ದೋಷಕ್ಕೆ ಮೂರು ವರ್ಷದ ವಾರಂಟಿ ಘೋಷಿಸಿ, ನೂರು ಕೋಟಿ ಡಾಲರಿಗೂ ಹೆಚ್ಚು ಹಣವನ್ನು ಅದಕ್ಕಾಗಿ ತೆಗೆದಿರಿಸಬೇಕಾಯಿತು. ಚಾಲೂ ಮಾಡಿದಾಗ ಬಿಸಿ, ಆರಿಸಿದಾಗ ತಣ್ಣಗೆ; ಈ ಹಿಗ್ಗು ಕುಗ್ಗಿನಲ್ಲಿ ಚಿಪ್ಪಿನ ಸೂಕ್ಷ್ಮ ಜೋಡಣೆಗಳು ಬಿರುಕು ಬಿಡುತ್ತಿದ್ದವು. ಟವೆಲ್ ಸುತ್ತಿ ಇನ್ನಷ್ಟು ಬಿಸಿ ಮಾಡಿದರೆ ಕೆಲವು ಪೆಟ್ಟಿಗೆಗಳು ತಾತ್ಕಾಲಿಕವಾಗಿ ಎದ್ದು ಕೂರುತ್ತಿದ್ದವು, ಆಮೇಲೆ ಪೂರ್ತಿ ಮಲಗುತ್ತಿದ್ದವು. ಊದುವಿಕೆಯ ಪಾಠವೇ ಇಲ್ಲೂ: ನಡೆಯಿತು ಎಂದ ಮಾತ್ರಕ್ಕೆ ಕಾರಣ ತಿಳಿಯಿತು ಎಂದಲ್ಲ.

ಆದರೂ ಅಜ್ಜನ ವಾದದಲ್ಲಿ ಎರಡು ತೂತುಗಳಿವೆ. ಒಂದು, ಇಂದು ಕಣ್ಣಿಗೆ ಬೀಳುವ ಹಳೆಯ ಸಾಮಾನು ಉಳಿದುಕೊಂಡದ್ದು ಮಾತ್ರ. ಕೆಟ್ಟವು ಯಾವತ್ತೋ ಗುಜರಿಗೆ ಹೋದವು. ಅವು ಸಾಕ್ಷಿ ಹೇಳಲು ಬರುವುದಿಲ್ಲ. ಅಮೆರಿಕದಲ್ಲಿ 1985ರಲ್ಲಿ ಮಾರಾಟಕ್ಕೆ ಬಂದ ನಿಂಟೆಂಡೊ ಪೆಟ್ಟಿಗೆಯಲ್ಲಿ ಕಾರ್ಟ್ರಿಡ್ಜನ್ನು ಎದುರಿನಿಂದ ತೂರಿಸಿ ಒತ್ತುವ ವ್ಯವಸ್ಥೆ ಇತ್ತು. ಅದರ 72 ಪಿನ್ನುಗಳ ಕನೆಕ್ಟರು ಸಡಿಲವಾಗಿ ಸತಾಯಿಸುತ್ತಿತ್ತು. 1993ರ ಮಾದರಿಯಲ್ಲಿ ಮೇಲಿನಿಂದ ನೇರವಾಗಿ ಹಾಕುವಂತೆ ಬದಲಾಯಿಸಿದರು. ಎರಡು, ಹಳೆಯ ಪೆಟ್ಟಿಗೆ ಕೆಲವೇ ವ್ಯಾಟ್ ವಿದ್ಯುತ್ತಿನಲ್ಲಿ, ಫ್ಯಾನೂ ಇಲ್ಲದೆ ಸರಳವಾದ ಕೆಲಸ ಮಾಡುತ್ತಿತ್ತು. ಇಂದಿನವು ನೂರಾರು ವ್ಯಾಟ್ ನುಂಗಿ ಸಿನಿಮಾದಂಥ ಚಿತ್ರ ತೋರಿಸುತ್ತವೆ. ಎತ್ತಿನ ಗಾಡಿಯನ್ನೂ ಲಾರಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ನ್ಯಾಯವಾಗದು.

ಹಾಗಾದರೆ ಬಾಳಿಕೆ ಎಲ್ಲಿಂದ ಬರುತ್ತದೆ? ಉತ್ತರಕ್ಕೆ ದೂರ ಹೋಗಬೇಕಿಲ್ಲ. ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಆಸುಪಾಸಿನ ಕಾವಲುಗಳಲ್ಲಿ ಇಂದು ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ, ಡಿ.ಆರ್.ಡಿ.ಒ.ದ ವೈಮಾನಿಕ ಪರೀಕ್ಷಾ ವಲಯವಿದೆ. 2017ರ ಮೇ ತಿಂಗಳಲ್ಲಿ ಉದ್ಘಾಟನೆಯಾದ ಆ ಪರೀಕ್ಷಾ ವಲಯದ ಓಡುಹಾದಿಯಲ್ಲಿಯೇ ಇಸ್ರೋ ತನ್ನ ರೆಕ್ಕೆಯುಳ್ಳ ಮರುಬಳಕೆಯ ವಾಹನವನ್ನು ಮೂರು ಸಲ ಇಳಿಸಿ ನೋಡಿತು. ಚಿನೂಕ್ ಹೆಲಿಕಾಪ್ಟರು ಅದನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಡುತ್ತಿತ್ತು. ವಾಹನ ತಾನೇ ದಾರಿ ಹುಡುಕಿಕೊಂಡು ಬಂದು ನೆಲಕ್ಕಿಳಿಯುತ್ತಿತ್ತು. ಮೊದಲ ಪ್ರಯೋಗ 2023ರ ಏಪ್ರಿಲ್ 2ರಂದು ನಡೆಯಿತು. ಅದರಲ್ಲಿ ಕಂಡದ್ದನ್ನು ಅಭ್ಯಸಿಸಿ ವಾಹನದ ದೇಹವನ್ನೂ ಇಳಿಯುವ ಗಾಲಿಗಳ ಕಾಲುಗಳನ್ನೂ ಗಟ್ಟಿಗೊಳಿಸಲಾಯಿತು. 2024ರ ಮಾರ್ಚ್ 22ರಂದು 'ಪುಷ್ಪಕ್' ಹೆಸರಿನಲ್ಲಿ ಅದು ಎರಡನೆಯ ಸಲ ಇಳಿಯಿತು. ಅದೇ ದೇಹ, ಅದೇ ಉಪಕರಣಗಳು ಯಾವ ಮಾರ್ಪಾಡೂ ಇಲ್ಲದೆ ಜೂನ್ 23ರಂದು ಮೂರನೆಯ ಸಲ, ಗಂಟೆಗೆ 320 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ನೆಲ ಮುಟ್ಟಿ ಸುರಕ್ಷಿತವಾಗಿ ನಿಂತವು. ಪ್ರಯಾಣಿಕ ವಿಮಾನ ಇಳಿಯುವ ವೇಗ ಸುಮಾರು 260 ಕಿಲೋಮೀಟರ್.

ಅದೇ ವಲಯದಿಂದ ಹಾರಿದ ರುಸ್ತುಂ–2 ಎಂಬ ಚಾಲಕರಹಿತ ವಿಮಾನ 2019ರ ಸೆಪ್ಟೆಂಬರ್ 17ರಂದು ಚಿತ್ರದುರ್ಗ ಜಿಲ್ಲೆಯ ಜೋಡಿ ಚಿಕ್ಕೇನಹಳ್ಳಿಯ ಬಳಿ ಹೊಲಕ್ಕೆ ಬಿದ್ದದ್ದೂ ಉಂಟು. ಪರೀಕ್ಷಾ ವಲಯ ಇರುವುದೇ ಅದಕ್ಕಾಗಿ. ಕೆಡಬೇಕಾದದ್ದು ಅಲ್ಲಿ ಕೆಟ್ಟು, ಕಾರಣ ತಿಳಿದು, ಮುಂದಿನದು ಗಟ್ಟಿಯಾಗಬೇಕು. ಬಾಳಿಕೆ ಎನ್ನುವುದು ಹಳೆಯ ಕಾಲದ ವರವೂ ಅಲ್ಲ, ಹೊಸ ಕಾಲದ ಶಾಪವೂ ಅಲ್ಲ. ಕೆಟ್ಟದ್ದನ್ನು ಶ್ರದ್ಧೆಯಿಂದ ಓದಿದವರಿಗೆ ಸಿಗುವ ಫಲ.

ಇದರಲ್ಲಿ ತಂದೆತಾಯಂದಿರಿಗೂ ಒಂದು ಮಾತಿದೆ. ಕೆಟ್ಟ ಪೆಟ್ಟಿಗೆಗಾಗಿ ಮಗುವಿಗೆ ಹೊಡೆದರೆ ಅದು ಕಲಿಯುವುದು ತಪ್ಪನ್ನು ಮುಚ್ಚಿಡುವುದನ್ನು. "ಕೆಡುವ ಮುಂಚೆ ಏನಾಯಿತು, ಸರಿಯಾಗಿ ಹೇಳು ಮಗ" ಎಂದು ಕೇಳಿದರೆ ಕಲಿಯುವುದು ವರದಿ ಕೊಡುವುದನ್ನು. ನಿಜವಾದ ವರದಿ ಇಲ್ಲದೆ ಯಾವ ದೋಷವೂ ಸಿಗದು. ಕೊಳ್ಳುವಾಗಲೇ ಬಿಡಿಭಾಗ ಸಿಗುತ್ತದೆಯೇ, ರಿಪೇರಿ ಎಲ್ಲಿ ಎಂದು ವಿಚಾರಿಸುವುದು ಜಾಣತನ. ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ರಿಪೇರಿಯ ಹಕ್ಕಿಗಾಗಿಯೇ ಒಂದು ಜಾಲತಾಣ ತೆರೆದಿದೆ. ಏನು ಮಾಡಿದರೂ ಏಳದ ಪೆಟ್ಟಿಗೆಯನ್ನು ತಿಪ್ಪೆಗೆಸೆಯದೆ, ಸುಡದೆ, ಇ–ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಬೇಕು. ಹಳೆಯ ಬೆಸುಗೆಯಲ್ಲಿ ಸೀಸವಿದೆ.

ಒಂದು ಎಚ್ಚರಿಕೆ ಮಾತ್ರ ಮರೆಯಬಾರದು. ಮನೆಯ ಕರೆಂಟಿಗೆ ನೇರವಾಗಿ ಸೇರುವ ಅಡಾಪ್ಟರನ್ನಾಗಲಿ, ಹಳೆಯ ಡಬ್ಬಿ ಟಿ.ವಿ.ಯ ಹಿಂಬದಿಯನ್ನಾಗಲಿ ಮಕ್ಕಳು ಬಿಚ್ಚಲೇಬಾರದು. ಪ್ಲಗ್ ಕಿತ್ತ ಮೇಲೂ ಚಿತ್ರನಳಿಕೆಯಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು.

ಈ ವಾರದ ಕೆಲಸ: ಒಂದು ಸೆಲ್ ಟಾರ್ಚ್ ತೆಗೆದುಕೊಳ್ಳಿ. ಇಬ್ಬರು ಗೆಳೆಯರಲ್ಲಿ ಒಬ್ಬರು ಅದರೊಳಗೆ ಗುಟ್ಟಾಗಿ ಒಂದು ದೋಷ ಮಾಡಲಿ: ಸೆಲ್ಲುಗಳ ನಡುವೆ ಕಾಗದದ ಚೂರು, ತಿರುಗಿಸಿ ಹಾಕಿದ ಸೆಲ್, ಸಡಿಲಾದ ಬಲ್ಬು, ಯಾವುದಾದರೂ ಸರಿ. ಇನ್ನೊಬ್ಬರು ಅದನ್ನು ಹುಡುಕಲಿ. ನೋಟುಪುಸ್ತಕದಲ್ಲಿ ನಾಲ್ಕು ಕಾಲಮ್ ಗೆರೆ ಹಾಕಿ: ಲಕ್ಷಣ, ಊಹೆ, ಪರೀಕ್ಷೆ, ಫಲ. ತಪ್ಪಿದ ಊಹೆಗಳನ್ನು ಅಳಿಸಬೇಡಿ. ದೋಷ ಎಲ್ಲಿಲ್ಲ ಎಂಬುದನ್ನು ಹೇಳುವುದು ಅವೇ.