ನರ್ಸಿಂಗ್ ಸಹಾಯಕಿಯರ ಮುಂದಿನ ದಾರಿ

ಪಿ.ಯು.ಸಿ. ಫಲಿತಾಂಶ ಪ್ರಕಟವಾದೊಡನೆ ಬಂಟ್ವಾಳ, ಬೆಳ್ತಂಗಡಿ ಹಾಗೂ ಮೂಡುಬಿದಿರೆ ವಲಯಗಳ ಅನೇಕ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮಗಳನ್ನು ಮುಂದೆ ಓದಿಸುವುದೇ, ಅಥವಾ ಆಸ್ಪತ್ರೆಯೊಂದರಲ್ಲಿ ಸಹಾಯಕಿಯಾಗಿ ಸೇರಿಸುವುದೇ? ಅಡಿಕೆಯ ಧಾರಣೆಯನ್ನೋ ದಿನಗೂಲಿಯನ್ನೋ ನಂಬಿದ ಹೆತ್ತವರಿಗೆ ಎರಡನೆಯ ದಾರಿಯೇ ಸುಲಭವೆನಿಸುವುದು ಸಹಜ. ಅದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಆ ದಾರಿ ಎಲ್ಲಿಯವರೆಗೆ ಸಾಗುತ್ತದೆ ಎಂಬುದನ್ನು ಮೊದಲೇ ಅರಿಯಬೇಕು.

ಉದ್ಯೋಗಕ್ಕೇನೂ ಕೊರತೆಯಿಲ್ಲ. ತುಂಬೆಯಲ್ಲಿ ಫಾದರ್ ಮುಲ್ಲರ್, ಉಜಿರೆಯಲ್ಲಿ ಎಸ್.ಡಿ.ಎಂ., ಮೂಡುಬಿದಿರೆಯಲ್ಲಿ ಆಳ್ವಾಸ್ ಹೀಗೆ ಆಸ್ಪತ್ರೆಗಳು ಹಳ್ಳಿಗಳ ಸಮೀಪಕ್ಕೇ ಬಂದಿವೆ. ಮಕ್ಕಳು ಪರದೇಶದಲ್ಲಿದ್ದು ವೃದ್ಧರಷ್ಟೇ ಉಳಿದ ಮನೆಗಳೂ ಹೆಚ್ಚಿವೆ. ರೋಗಿಯನ್ನು ಮೀಯಿಸುವ, ಉಣಿಸುವ, ಮಗ್ಗುಲು ಬದಲಿಸುವ ಕೈಗಳು ಎಲ್ಲೆಡೆ ಬೇಕಾಗಿವೆ.

ತೊಡಕಿರುವುದು ಅರ್ಹತೆಯ ವಿಷಯದಲ್ಲಿ. ಕಾನೂನಿನನ್ವಯ ಮಾನ್ಯತೆ ಇರುವುದು ಎ.ಎನ್.ಎಂ., ಜಿ.ಎನ್.ಎಂ., ಬಿ.ಎಸ್ಸಿ. ಮುಂತಾದ ಶಿಕ್ಷಣಕ್ಕೆ. ಕೆಲವು ತಿಂಗಳ ತರಬೇತಿಯಿಂದ ದೊರೆಯುವ 'ಜನರಲ್ ಡ್ಯೂಟಿ ಅಸಿಸ್ಟೆಂಟ್' ಪ್ರಮಾಣಪತ್ರ ಕೌಶಲಕ್ಕೆ ಸಾಕ್ಷಿಯೇ ಹೊರತು ನರ್ಸ್ ಆಗಿ ನೋಂದಣಿಗೆ ಆಧಾರವಲ್ಲ. ಹತ್ತು ವರ್ಷ ವಾರ್ಡಿನಲ್ಲಿ ದುಡಿದರೂ ಸಹಾಯಕಿ ತಾನಾಗಿ ನರ್ಸ್ ಆಗಲಾರಳು. ಸುಪ್ರೀಂ ಕೋರ್ಟಿನ ಆದೇಶದಂತೆ 2016ರಲ್ಲಿ ರಚನೆಯಾದ ಸಮಿತಿಯು, 50ಕ್ಕಿಂತ ಕಡಿಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಗಳಲ್ಲಿಯೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ವೇತನ ಸಲ್ಲದೆಂದು ಶಿಫಾರಸು ಮಾಡಿತು. ಆದರೆ ಅದು ನರ್ಸ್‌ಗಳ ಕುರಿತಾದುದು, ಸಹಾಯಕಿಯರ ಕುರಿತಾದುದಲ್ಲ.

ಇಸ್ರೇಲಿನ ಅನುಭವವೂ ನಮ್ಮ ಕಣ್ಣ ಮುಂದಿದೆ. ಅಲ್ಲಿ ವೃದ್ಧರ ಆರೈಕೆ ಮಾಡಿ ಮನೆ ಕಟ್ಟಿಸಿದವರು, ತಮ್ಮ ತಂಗಿಯರನ್ನು ಓದಿಸಿದವರು ನಮ್ಮ ಧರ್ಮಕೇಂದ್ರಗಳಲ್ಲಿದ್ದಾರೆ. 2023ರ ಮೇ ತಿಂಗಳ ಒಪ್ಪಂದದಲ್ಲಿ 42,000 ಭಾರತೀಯರಿಗೆ ಅವಕಾಶ ಕಲ್ಪಿಸಲಾಗಿದ್ದು, ಅದರಲ್ಲಿ 8,000 ಸ್ಥಾನಗಳು ಆರೈಕೆಯ ಕೆಲಸಕ್ಕೆ ಮೀಸಲಾಗಿದ್ದವು. ಅದೇ ವರ್ಷದ ಅಕ್ಟೋಬರದಲ್ಲಿ ಯುದ್ಧ ಆರಂಭವಾದಾಗ ಅದೆಷ್ಟೋ ತಾಯಂದಿರು ದೂರವಾಣಿಯ ಬಳಿ ನಿದ್ದೆಗೆಟ್ಟು ಕುಳಿತಿದ್ದರು. ಶಾಂತಿಯ ದಿನಗಳಲ್ಲಿಯೂ ಆರೈಕೆದಾರರ ಪರವಾನಗಿ ಸಾಮಾನ್ಯವಾಗಿ 63 ತಿಂಗಳಿಗೆ ಸೀಮಿತ. ಅದೇ ರೋಗಿಯ ಬಳಿ ಮುಂದುವರಿಯುವವರಿಗೆ ವಿನಾಯಿತಿಯಿದೆ. ಹಿಂದಿರುಗಿದವರ ಕೈಯಲ್ಲಿ ಉಳಿತಾಯವಿರಬಹುದು, ಆದರೆ ಊರಿನ ಆಸ್ಪತ್ರೆಯಲ್ಲಿ ಅವರು ಪುನಃ ಸಹಾಯಕಿಯರೇ.

ಆದುದರಿಂದ ಸಹಾಯಕಿಯ ಕೆಲಸವನ್ನು ಕೊನೆಯ ನಿಲ್ದಾಣವೆಂದು ತಿಳಿಯದೆ ಮೊದಲ ಮೆಟ್ಟಿಲೆಂದು ತಿಳಿಯುವುದು ಲೇಸು. ಪಿ.ಯು.ಸಿ. ಮುಗಿಸದೆ ಯಾರೂ ಕೆಲಸಕ್ಕೆ ಸೇರಬಾರದು, ಏಕೆಂದರೆ ಮುಂದಿನ ಎಲ್ಲ ಬಾಗಿಲುಗಳಿಗೂ ಅದೇ ಕೀಲಿಕೈ. ಎ.ಎನ್.ಎಂ. ಎರಡು ವರ್ಷಗಳದ್ದು, ಜಿ.ಎನ್.ಎಂ. ಮೂರು ವರ್ಷಗಳದ್ದು. ಕಲಾ ವಿಭಾಗದಲ್ಲಿ ಓದಿದವರಿಗೂ ಇವುಗಳಿಗೆ ಅವಕಾಶವಿದೆ. ಪ್ರವೇಶಕ್ಕೆ ಸಾಮಾನ್ಯವಾಗಿ 35 ವರ್ಷ ವಯಸ್ಸಿನ ಮಿತಿಯಿರುವುದರಿಂದ ಎರಡು ಮೂರು ವರ್ಷ ದುಡಿದು ಹಣ ಕೂಡಿಸಿಕೊಂಡವರೂ ಸೇರಬಹುದು. ಜಿ.ಎನ್.ಎಂ. ಆದವರಿಗೆ ಎರಡು ವರ್ಷಗಳ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಇದೆ. ಕೆಲಸದಲ್ಲಿರುವಷ್ಟು ಕಾಲ ನೇಮಕಾತಿ ಪತ್ರ, ಭವಿಷ್ಯನಿಧಿ, ಇ.ಎಸ್.ಐ. ಇವನ್ನು ಕೇಳಿ ಪಡೆಯಲು ಸಂಕೋಚಪಡಬಾರದು.

ಇಲ್ಲಿ ಸಮುದಾಯಕ್ಕೂ ಕರ್ತವ್ಯವಿದೆ. ಹಬ್ಬದ ಪೆಂಡಾಲು, ದೀಪಾಲಂಕಾರಗಳಿಗೆ ಧಾರಾಳವಾಗಿ ನೀಡುವ ನಾವು, ವಾರ್ಡಿನಲ್ಲಿ ದುಡಿಯುತ್ತಿರುವ ಒಬ್ಬ ಯುವತಿಯ ಜಿ.ಎನ್.ಎಂ. ಶುಲ್ಕವನ್ನು ವಹಿಸಿಕೊಳ್ಳಲಾರೆವೇ? ಸಂತ ವಿನ್ಸೆಂಟ್ ದೆ ಪಾವ್ಲ್ ಸಭಾ, ಕೆಥೊಲಿಕ್ ಸಭಾ ಘಟಕಗಳು ಮುಂದಿನ ಪ್ರವೇಶಾವಧಿಗೆ ಮುನ್ನ ತಮ್ಮ ಧರ್ಮಕೇಂದ್ರಗಳಲ್ಲಿ ಅಂತಹವರು ಯಾರಿದ್ದಾರೆಂದು ವಿಚಾರಿಸಿ, ಒಬ್ಬರನ್ನಾದರೂ ಓದಿಸಲು ಮುಂದಾಗಬೇಕೆಂಬುದು ನಮ್ಮ ವಿನಂತಿ.