ಓಟ ಮುಗಿಸಿದವರಿಗೆಲ್ಲ ಪದಕ: ಬೇಕೇ, ಬೇಡವೇ?

ದೂರದ ಓಟಗಳಲ್ಲಿ ಗೆದ್ದವರಿಗೆ ಮಾತ್ರವಲ್ಲದೆ, ಗೊತ್ತುಪಡಿಸಿದ ಅವಧಿಯೊಳಗೆ ಕೊನೆಯ ಗೆರೆ ದಾಟಿದ ಪ್ರತಿಯೊಬ್ಬರಿಗೂ ಕೊಡುವ ಪದಕವನ್ನು ಓಟಗಾರರು ಫಿನಿಶರ್ ಮೆಡಲ್ ಎಂದು ಕರೆಯುತ್ತಾರೆ. ಅದರ ಜೊತೆಗೆ ಟೀ ಶರ್ಟು, ಪ್ರಮಾಣಪತ್ರ, ಪ್ರಾಯೋಜಕರ ಸಾಮಾನು ತುಂಬಿದ ಚೀಲ ಮುಂತಾದ ಸ್ಮರಣಿಕೆಗಳೂ ಸೇರಿಕೊಳ್ಳುತ್ತವೆ. ಮುಂಬೈ ಮ್ಯಾರಥಾನ್ 2004ರಲ್ಲಿ, ಬೆಂಗಳೂರಿನ ವಿಶ್ವ 10ಕೆ ಓಟ 2008ರಲ್ಲಿ ಆರಂಭವಾದ ಮೇಲೆ, ಶುಲ್ಕ ತೆತ್ತು ಹೆಸರು ನೋಂದಾಯಿಸಿ ಓಡುವ ಪದ್ಧತಿ ಭಾರತದ ನಗರಗಳಲ್ಲಿ ಬೇರೂರಿತು; ಅದರೊಡನೆ ಪದಕದ ರೂಢಿಯೂ ಬಂದು, ಇಂದು ಸಣ್ಣ ಊರಿನ ಐದು ಕಿಲೋಮೀಟರ್ ಓಟದ ಪ್ರಕಟಣೆಯಲ್ಲಿಯೂ ಪದಕದ ಚಿತ್ರವೇ ಮುಂದೆ ಕಾಣಿಸಿಕೊಳ್ಳುತ್ತದೆ. ಎಲ್ಲರಿಗೂ ಸಿಗುವ ಪದಕ ಯಾವುದಕ್ಕೆ ಸಾಕ್ಷಿ ಎಂಬುದು ಇಲ್ಲಿರುವ ಪ್ರಶ್ನೆ.

ಈ ಪ್ರಶ್ನೆ ಆಧುನಿಕ ಒಲಿಂಪಿಕ್ಸ್‌ನಷ್ಟೇ ಹಳೆಯದು. 1896ರ ಅಥೆನ್ಸ್ ಕೂಟದಲ್ಲಿ ಮೊದಲಿಗರಿಗೆ ಬೆಳ್ಳಿಯ ಪದಕ ಮತ್ತು ಆಲಿವ್ ಕೊಂಬೆ ಸಿಕ್ಕವು, ಎರಡನೆಯವರಿಗೆ ಕಂಚಿನ ಪದಕ ದೊರೆಯಿತು, ಮೂರನೆಯವರಿಗೆ ಯಾವ ಪದಕವೂ ಇರಲಿಲ್ಲ; ಆದರೆ ಅದೇ ಕೂಟದಲ್ಲಿ ಪಾಲ್ಗೊಂಡವರಿಗೆಲ್ಲ ಪ್ರತ್ಯೇಕವಾದೊಂದು ಸ್ಮಾರಕ ಪದಕವನ್ನೂ ಕೊಡಲಾಯಿತು. ಗೆಲುವನ್ನು ಗುರುತಿಸುವ ಪದಕ ಮತ್ತು ಹಾಜರಿಯನ್ನು ಗುರುತಿಸುವ ಪದಕ, ಇವೆರಡೂ ಒಟ್ಟಿಗೇ ಹುಟ್ಟಿದವು.

ಪರ

ಪದಕದ ಪರವಾಗಿ ಮಾತನಾಡುವವರಿಗೆ ದಕ್ಷಿಣ ಆಫ್ರಿಕಾದ ಕಾಮ್ರೇಡ್ಸ್ ಮ್ಯಾರಥಾನ್‌ಗಿಂತ ಬಲವಾದ ಆಧಾರ ಬೇರೆ ಇಲ್ಲ. ಮ್ಯಾರಥಾನಿನ ದೂರವಾದ 42.195 ಕಿಲೋಮೀಟರಿಗಿಂತ ಉದ್ದವಾದ ಓಟಗಳನ್ನು ಅಲ್ಟ್ರಾ ಮ್ಯಾರಥಾನ್ ಎನ್ನುವುದುಂಟು. ಕಾಮ್ರೇಡ್ಸ್ ಅಂಥ ಓಟಗಳಲ್ಲಿ ಅತ್ಯಂತ ಹಳೆಯವುಗಳ ಸಾಲಿಗೆ ಸೇರಿದ್ದು, ಪೀಟರ್‌ಮಾರಿಟ್ಜ್‌ಬರ್ಗ್ ಮತ್ತು ಡರ್ಬನ್ ನಗರಗಳ ನಡುವೆ ಹೆಚ್ಚುಕಡಿಮೆ 90 ಕಿಲೋಮೀಟರ್ ಗುಡ್ಡಗಾಡಿನ ರಸ್ತೆಯಲ್ಲಿ ಸಾಗುತ್ತದೆ. ಮೊದಲ ಮಹಾಯುದ್ಧದಿಂದ ಮರಳಿದ ವಿಕ್ ಕ್ಲಾಫಮ್, ಮಡಿದ ಸಂಗಾತಿಗಳಿಗೆ ಕಲ್ಲಿನ ಸ್ಮಾರಕದ ಬದಲು ಪ್ರತಿವರ್ಷ ದೇಹ ದಂಡಿಸಿ ಸಲ್ಲಿಸುವ ನೆನಪೊಂದಿರಲಿ ಎಂದು ಬಯಸಿ 1921ರಲ್ಲಿ ಇದನ್ನು ಆರಂಭಿಸಿದರು. ಆ ವರ್ಷ 34 ಮಂದಿ ಹೊರಟು 16 ಮಂದಿ ಮಾತ್ರ ಗುರಿ ಮುಟ್ಟಿದರು. ಬಿಲ್ ರೋವನ್ ಎಂಬಾತ 8 ಗಂಟೆ 59 ನಿಮಿಷಗಳಲ್ಲಿ ಗೆದ್ದರು. ಓಟದ ಹುಟ್ಟಿನಲ್ಲೇ ಸ್ಮರಣೆ ಇರುವಾಗ ಸ್ಮರಣಿಕೆಯನ್ನು ಹೊರಗಿನಿಂದ ತಂದು ಅಂಟಿಸಿದ ಅಲಂಕಾರವೆನ್ನಲು ಸಾಧ್ಯವಿಲ್ಲ.

ಕಾಮ್ರೇಡ್ಸ್ ಪದಕ ಗಾತ್ರದಲ್ಲಿ ದೊಡ್ಡದೊಂದು ನಾಣ್ಯದಷ್ಟಿದೆ. ಅಂಗೈಯಲ್ಲಿ ಮುಚ್ಚಿದರೆ ಕಾಣದಷ್ಟು ಚಿಕ್ಕದಾದ ಆ ಲೋಹದ ಬಿಲ್ಲೆಗಾಗಿ ಓಟಗಾರರು ಬೆಳಗಿನ ಕತ್ತಲಲ್ಲಿ ಹೊರಟು ಸಂಜೆಯ ತನಕ ಓಡುತ್ತಾರೆ. ಅದರ ಬೆಲೆ ಹುಟ್ಟುವುದು ಅದನ್ನು ಕಾಯುವ ನಿಯಮದಿಂದ. ಹನ್ನೆರಡು ಗಂಟೆ ತುಂಬುವ ಕ್ಷಣಕ್ಕೆ ಒಬ್ಬ ಅಧಿಕಾರಿ ಕೊನೆಯ ಗೆರೆಯ ಬಳಿ ಓಟಗಾರರಿಗೆ ಬೆನ್ನು ತಿರುಗಿಸಿ ನಿಂತು ಪಿಸ್ತೂಲು ಹಾರಿಸುತ್ತಾನೆ. ಯಾರು ಎಷ್ಟು ಸಮೀಪಕ್ಕೆ ಬಂದಿದ್ದಾರೆ ಎಂಬುದು ಅವನಿಗೆ ಕಾಣಬಾರದು, ಕಂಡು ಮನಸ್ಸು ಕರಗಬಾರದು. ಸದ್ದು ಕೇಳುತ್ತಲೇ ದಾರಿ ಮುಚ್ಚುತ್ತದೆ, ಎರಡು ಹೆಜ್ಜೆ ಹಿಂದಿದ್ದವನಿಗೂ ಪದಕವಿಲ್ಲ. ಎಲ್ಲರಿಗೂ ಕೊಡುವ ಪದಕಕ್ಕೆ ಬೆಲೆಯೇ ಇಲ್ಲ ಎಂಬ ಆಕ್ಷೇಪಕ್ಕೆ ಇದಕ್ಕಿಂತ ನೇರವಾದ ಉತ್ತರ ಸಿಗದು, ಏಕೆಂದರೆ ಮುಗಿಸಿದವರಿಗೆಲ್ಲ ಕೊಡುವುದೂ ಬಂದವರಿಗೆಲ್ಲ ಕೊಡುವುದೂ ಒಂದೇ ಅಲ್ಲ. ಈ ಓಟವನ್ನು ಐದು ಬಾರಿ ಗೆದ್ದಿದ್ದ ವಾಲಿ ಹೇವರ್ಡ್ 1989ರಲ್ಲಿ, 80ನೇ ವಯಸ್ಸಿನಲ್ಲಿ, ಆಗಿನ 11 ಗಂಟೆಯ ಗಡುವಿಗೆ ಎರಡು ನಿಮಿಷವೂ ಉಳಿದಿಲ್ಲದಾಗ ಗೆರೆ ದಾಟಿದರು. ಅಂದು ಅವರಿಗೆ ದೊರೆತ ಸಾಮಾನ್ಯ ಪದಕ ಹಿಂದಿನ ಗೆಲುವುಗಳಿಗಿಂತ ಕಡಿಮೆಯದು ಎನ್ನುವ ಧೈರ್ಯ ಯಾರಿಗೂ ಇರಲಾರದು.

ಮುಂಚೂಣಿಯ ಹತ್ತು ಮಂದಿಯನ್ನು ಬಿಟ್ಟರೆ ಉಳಿದ ಸಾವಿರಾರು ಜನರ ಸ್ಪರ್ಧೆ ಪರಸ್ಪರರೊಂದಿಗೆ ಅಲ್ಲ, ಗಡಿಯಾರದೊಂದಿಗೆ. ಇದನ್ನು ಅರಿತು ಕಾಮ್ರೇಡ್ಸ್ ಸಮಯಕ್ಕೆ ತಕ್ಕ ಹಲವು ಪದಕಗಳನ್ನು ರೂಪಿಸಿ, ಕೆಲವಕ್ಕೆ ತನ್ನ ಚರಿತ್ರೆಯ ಹೆಸರುಗಳನ್ನೇ ಇಟ್ಟಿದೆ: ಏಳೂವರೆ ಗಂಟೆಯೊಳಗೆ ಬಂದರೆ ಬೆಳ್ಳಿ, ಒಂಬತ್ತರೊಳಗೆ ಬಂದರೆ 2000ದಲ್ಲಿ ಜಾರಿಗೆ ಬಂದ ಬಿಲ್ ರೋವನ್ ಪದಕ, 11 ಮತ್ತು 12 ಗಂಟೆಗಳ ನಡುವೆ ಬಂದರೆ ಗಡುವನ್ನು ವಿಸ್ತರಿಸಿದ 2003ರಲ್ಲಿ ಸೇರಿದ ವಿಕ್ ಕ್ಲಾಫಮ್ ಪದಕ. ಹೀಗೆ ಮಧ್ಯದಲ್ಲಿ ಓಡುವ ಸಾಮಾನ್ಯನಿಗೂ ತನ್ನ ಅಳತೆಗೆ ಎಟುಕುವ ಒಂದು ಮೆಟ್ಟಿಲು ದೊರೆಯುತ್ತದೆ. ಅಮೆರಿಕದ ವೆಸ್ಟರ್ನ್ ಸ್ಟೇಟ್ಸ್ ನೂರು ಮೈಲಿ ಓಟದಲ್ಲಿ 24 ಗಂಟೆಯೊಳಗೆ ಮುಗಿಸಿದವರಿಗೆ ಬೆಳ್ಳಿಯ, 30 ಗಂಟೆಯೊಳಗೆ ಮುಗಿಸಿದವರಿಗೆ ಕಂಚಿನ ಬೆಲ್ಟ್ ಬಕಲ್ ಕೊಡುವುದೂ ಇದೇ ತರ್ಕದಿಂದ. ಕುದುರೆ ಸವಾರಿಯ ಸ್ಪರ್ಧೆಯಿಂದ ಹುಟ್ಟಿದ ಆ ಓಟಕ್ಕೆ ಬಕಲ್ಲೇ ಸಹಜವಾದ ಗುರುತು.

ಪದಕವು ಯಾರನ್ನು ಒಪ್ಪಿಕೊಳ್ಳಲಾಗಿದೆ ಎಂಬುದರ ಸಾರ್ವಜನಿಕ ದಾಖಲೆಯೂ ಹೌದು ಎಂಬುದನ್ನು ಪರವಾದಿಗಳು ಇನ್ನಷ್ಟು ಒತ್ತಿ ಹೇಳಬೇಕಾಗಿದೆ. 1923ರಲ್ಲಿ ಫ್ರಾನ್ಸಿಸ್ ಹೇವರ್ಡ್ ಎಂಬ ಮಹಿಳೆಯ ಅರ್ಜಿಯನ್ನು ಆಯೋಜಕರು ತಿರಸ್ಕರಿಸಿದರು; ಆಕೆ ಅನಧಿಕೃತವಾಗಿಯೇ ಓಡಿ 11 ಗಂಟೆ 35 ನಿಮಿಷಗಳಲ್ಲಿ ಮುಗಿಸಿದರೂ ಪದಕ ಕೊಡಲಿಲ್ಲ. 1935ರಲ್ಲಿ ರಾಬರ್ಟ್ ಮ್ಟ್ಶಾಲಿ ಎಂಬ ಕಪ್ಪು ಓಟಗಾರ ಸುಮಾರು ಒಂಬತ್ತೂವರೆ ಗಂಟೆಯಲ್ಲಿ ಗುರಿ ಮುಟ್ಟಿದರು, ಅವರ ಹೆಸರೂ ಅಧಿಕೃತ ಪಟ್ಟಿಗೆ ಸೇರಲಿಲ್ಲ. ಓಟದ ಒಂದು ತುದಿಯಾದ ಪೀಟರ್‌ಮಾರಿಟ್ಜ್‌ಬರ್ಗ್, 1893ರಲ್ಲಿ ಗಾಂಧೀಜಿಯವರನ್ನು ರೈಲಿನ ಮೊದಲ ದರ್ಜೆಯಿಂದ ಹೊರಹಾಕಿದ ಊರು ಎಂಬುದನ್ನು ಕನ್ನಡದ ಓದುಗರು ಇಲ್ಲಿ ನೆನೆಯಬಹುದು. ಮಹಿಳೆಯರಿಗೂ ಕಪ್ಪು ಜನರಿಗೂ ಅಧಿಕೃತವಾಗಿ ಪ್ರವೇಶ ದೊರೆತದ್ದು 1975ರಲ್ಲಿ. ಮ್ಟ್ಶಾಲಿಯವರ ಹೆಸರಿನ ಪದಕ, ಒಂಬತ್ತರಿಂದ ಹತ್ತು ಗಂಟೆಯೊಳಗೆ ಬರುವವರಿಗಾಗಿ, 2019ರಲ್ಲಿ ಸೇರಿತು. ಪದಕ ಬರೀ ಲೋಹವಾಗಿದ್ದರೆ ಅದನ್ನು ತಡೆಹಿಡಿಯುವುದು ಅವಮಾನವಾಗುತ್ತಿರಲಿಲ್ಲ, 84 ವರ್ಷಗಳ ನಂತರ ಹೆಸರಿಟ್ಟು ಕೊಡುವುದು ಪ್ರಾಯಶ್ಚಿತ್ತವೂ ಆಗುತ್ತಿರಲಿಲ್ಲ. ಸಾಮಾನ್ಯರಿಗೆ ಪದಕವೇಕೆ ಎಂದು ಕೇಳುವವರು ಈ ಇತಿಹಾಸವನ್ನು ಒಮ್ಮೆ ನೋಡಬೇಕು.

ವಿರೋಧ

ವಿರೋಧಿಸುವವರು ಕಾಮ್ರೇಡ್ಸ್‌ನ ಹಿರಿಮೆಯನ್ನು ಅಲ್ಲಗಳೆಯುವುದಿಲ್ಲ. ಆದರೆ ನೂರು ವರ್ಷದ ಸ್ಮಾರಕ ಓಟದ ಗೌರವವನ್ನು ಎರವಲು ತಂದು ಪ್ರತಿ ಭಾನುವಾರದ ಓಟಕ್ಕೂ ತೊಡಿಸಲಾಗದು ಎನ್ನುತ್ತಾರೆ. ನಡೆದುಕೊಂಡು ಬಂದರೂ ನಿರಾಳವಾಗಿ ಮುಗಿಸಬಹುದಾದ ಐದು ಕಿಲೋಮೀಟರ್ ಓಟದಲ್ಲಿ ಗಡುವಿನ ಬಿಸಿ ಯಾರಿಗೂ ತಟ್ಟುವುದಿಲ್ಲ; ಅಲ್ಲಿ ಸಿಗುವ ಪದಕ ಶುಲ್ಕ ಕಟ್ಟಿದ ರಸೀದಿಯೇ ಹೊರತು ಬೇರೇನಲ್ಲ. ಓಟದ ಹಿಂದಿನ ದಿನವೇ, ಎದೆಗೆ ಕಟ್ಟಿಕೊಳ್ಳುವ ಸಂಖ್ಯಾಪಟ್ಟಿಯಾದ ಬಿಬ್ ಜೊತೆಗೆ ವಿತರಿಸುವ ಟೀ ಶರ್ಟಿನ ವಿಷಯದಲ್ಲಂತೂ ಇದು ಸ್ಪಷ್ಟ, ಏಕೆಂದರೆ ಅದನ್ನು ತೊಟ್ಟವರು ಓಡಿರಬೇಕೆಂಬ ನಿಯಮವೇ ಇಲ್ಲ.

ಬಹುಮಾನವು ಆಸಕ್ತಿಯನ್ನು ಬೆಳೆಸುತ್ತದೆಂಬ ನಂಬಿಕೆಯೂ ಪೂರ್ತಿ ನಿಲ್ಲುವಂಥದ್ದಲ್ಲ. ಮನೋವಿಜ್ಞಾನಿಗಳಾದ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ 1973ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ತುಂಬ ಪ್ರಸ್ತುತ. ಚಿತ್ರ ಬಿಡಿಸುವುದರಲ್ಲಿ ತಾವಾಗಿಯೇ ಆಸಕ್ತಿ ತೋರುತ್ತಿದ್ದ ಶಿಶುವಿಹಾರದ ಮಕ್ಕಳಲ್ಲಿ ಒಂದು ಗುಂಪಿಗೆ, ಬಿಡಿಸಿದರೆ ಚಿನ್ನದ ಬಣ್ಣದ ನಕ್ಷತ್ರ ಮತ್ತು ರಿಬ್ಬನ್ ಇರುವ ಪ್ರಶಸ್ತಿಪತ್ರ ಕೊಡುವುದಾಗಿ ಮೊದಲೇ ಹೇಳಲಾಯಿತು. ಇನ್ನೊಂದು ಗುಂಪಿಗೆ ಹೇಳದೆ ಕೊನೆಯಲ್ಲಿ ಅದನ್ನೇ ಕೊಡಲಾಯಿತು. ಮೂರನೆಯ ಗುಂಪಿಗೆ ಏನೂ ಕೊಡಲಿಲ್ಲ. ಕೆಲವು ದಿನಗಳ ನಂತರ ನೋಡಿದಾಗ, ಪ್ರಶಸ್ತಿಯನ್ನು ನಿರೀಕ್ಷಿಸಿ ಬಿಡಿಸಿದ್ದ ಮಕ್ಕಳೇ ಬಿಡುವಿನ ವೇಳೆಯಲ್ಲಿ ಚಿತ್ರದ ಕಡೆ ಕಡಿಮೆ ಒಲವು ತೋರಿದರು, ಉಳಿದೆರಡು ಗುಂಪುಗಳಲ್ಲಿ ಅಂಥ ಕುಸಿತ ಕಾಣಲಿಲ್ಲ. ಖುಷಿಗಾಗಿ ಮಾಡುತ್ತಿದ್ದ ಕೆಲಸ ಬಹುಮಾನಕ್ಕಾಗಿ ಮಾಡಿದ್ದೆಂದು ಮನಸ್ಸಿಗೇ ತೋರತೊಡಗುವುದು ಈ ಕುಸಿತಕ್ಕೆ ಕಾರಣವೆಂಬುದು ಅವರ ವಿವರಣೆ. ವಯಸ್ಕ ಓಟಗಾರರನ್ನು ಶಿಶುವಿಹಾರದ ಮಕ್ಕಳಿಗೆ ನೇರವಾಗಿ ಹೋಲಿಸಲಾಗದು ನಿಜ. ಆದರೆ ಶಾಲಾ ಮಕ್ಕಳ ಓಟಗಳಲ್ಲೂ ಎಲ್ಲರಿಗೂ ಪದಕವೆಂದು ಮೊದಲೇ ಸಾರುವ ಈ ಕಾಲದಲ್ಲಿ ಆ ಎಚ್ಚರಿಕೆಯನ್ನು ಬದಿಗಿಡುವಂತಿಲ್ಲ.

ಗುರಿ ಹುಟ್ಟಲು ಪದಕ ಬೇಕೇಬೇಕು ಎಂಬುದೂ ಸರಿಯಲ್ಲ. ಎರಿಕ್ ಅಲೆನ್ ಮತ್ತು ಸಂಗಡಿಗರು ಒಂದು ಕೋಟಿಗೆ ಸಮೀಪದಷ್ಟು ಮ್ಯಾರಥಾನ್ ಫಲಿತಾಂಶಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮೂರು, ಮೂರೂವರೆ, ನಾಲ್ಕು ಗಂಟೆಗಳಂಥ ದುಂಡು ಸಂಖ್ಯೆಗಳಿಗೆ ಸ್ವಲ್ಪ ಮುಂಚೆ ಮುಗಿಸುವವರು ದಟ್ಟೈಸುತ್ತಾರೆ, ಸಂಖ್ಯೆ ದಾಟಿದೊಡನೆ ಆ ದಟ್ಟಣೆ ಇಳಿಯುತ್ತದೆ. ನಾಲ್ಕು ಗಂಟೆಯೊಳಗೆ ಬಂದವರಿಗೂ ನಾಲ್ಕು ಗಂಟೆ ಒಂದು ನಿಮಿಷಕ್ಕೆ ಬಂದವರಿಗೂ ಸಾಮಾನ್ಯವಾಗಿ ಒಂದೇ ಪದಕ ಸಿಗುವುದಾದರೂ ಕೊನೆಯ ಮೈಲಿಯಲ್ಲಿ ಹಲ್ಲು ಕಚ್ಚಿ ಓಡಿಸುವುದು ಕೈಗಡಿಯಾರದ ಮೇಲಿನ ಒಂದು ಅಂಕಿ.

2004ರಲ್ಲಿ ಲಂಡನ್ನಿನ ಬುಷಿ ಪಾರ್ಕಿನಲ್ಲಿ 13 ಮಂದಿಯಿಂದ ಶುರುವಾಗಿ ಹಲವು ದೇಶಗಳಿಗೆ ಹಬ್ಬಿದ ಪಾರ್ಕ್‌ರನ್ ಈ ಮಾತಿಗೆ ಜೀವಂತ ಉದಾಹರಣೆ. ಅಲ್ಲಿ ಪ್ರತಿ ಶನಿವಾರ ಐದು ಕಿಲೋಮೀಟರ್ ಓಟವಿರುತ್ತದೆ, ಶುಲ್ಕವಿಲ್ಲ, ಪದಕವೂ ಇಲ್ಲ. ಸ್ವಯಂಸೇವಕರು ಸಮಯ ದಾಖಲಿಸುತ್ತಾರೆ. 25, 50, 100 ಓಟಗಳಂಥ ಮೈಲಿಗಲ್ಲು ಮುಟ್ಟಿದವರಿಗೆ ವಿಶೇಷ ಟೀ ಶರ್ಟು ಧರಿಸುವ ಅರ್ಹತೆ ಬರುತ್ತದೆ, ಅದನ್ನೂ ಅವರೇ ಹಣ ಕೊಟ್ಟು ಕೊಳ್ಳಬೇಕು. ಒಂದು ಬೆಳಗಿನ ಹಾಜರಿಗಿಂತ ವರ್ಷಗಟ್ಟಲೆಯ ನಿಷ್ಠೆಯನ್ನು ಗುರುತಿಸುವ ಈ ಕ್ರಮ ಹೆಚ್ಚು ವಿವೇಕದ್ದು. ಕಾಮ್ರೇಡ್ಸ್‌ನಲ್ಲಿಯೇ ಹತ್ತು ಬಾರಿ ಮುಗಿಸಿದವರಿಗೆ ಸಿಗುವ ಹಸಿರು ಸಂಖ್ಯೆ, ಅಂದರೆ ಇನ್ನು ಬೇರೆ ಯಾರಿಗೂ ಕೊಡದೆ ಶಾಶ್ವತವಾಗಿ ಅವರಿಗೇ ಮೀಸಲಿಡುವ ಬಿಬ್ ಸಂಖ್ಯೆ, ಎಷ್ಟೋ ಪದಕಗಳಿಗಿಂತ ಹೆಚ್ಚಿನ ಮರ್ಯಾದೆ ಪಡೆದಿದೆ.

ಖರ್ಚಿನ ಮತ್ತು ಪರಿಸರದ ಮಾತನ್ನು ಹೆಚ್ಚು ಬೆಳೆಸಬೇಕಾಗಿಲ್ಲ. ಇಂಥ ಪದಕಗಳನ್ನು ಬಹುಮಟ್ಟಿಗೆ ಸತುವಿನ ಮಿಶ್ರಲೋಹವನ್ನು ಅಚ್ಚಿಗೆ ಹೊಯ್ದು, ಮೇಲೆ ತೆಳುವಾದ ಲೋಹಲೇಪ ಕೊಟ್ಟು, ಪಾಲಿಯೆಸ್ಟರ್ ಪಟ್ಟಿ ಪೋಣಿಸಿ ತಯಾರಿಸುತ್ತಾರೆ. ಓಟದ ಹೆಸರು, ಇಸವಿ ಅಚ್ಚಾಗಿರುವುದರಿಂದ ಉಳಿದವು ಮರುವರ್ಷಕ್ಕೆ ಬರುವುದಿಲ್ಲ, ಲೇಪ ಮತ್ತು ಬಣ್ಣ ಬೆರೆತ ಲೋಹವನ್ನು ಬೇರ್ಪಡಿಸಿ ಕರಗಿಸುವುದೂ ಸುಲಭವಲ್ಲ. ಟೋಕಿಯೊ ಒಲಿಂಪಿಕ್ಸ್‌ನ ಸುಮಾರು 5,000 ಪದಕಗಳನ್ನು ಜಪಾನಿನ ಜನ ಕೊಟ್ಟ ಹಳೆಯ ಫೋನು ಮತ್ತಿತರ ಉಪಕರಣಗಳ ಲೋಹದಿಂದ ತಯಾರಿಸಿದ್ದು ಮೆಚ್ಚತಕ್ಕ ಕೆಲಸವಾದರೂ, ಅದರ ಹಿಂದಿದ್ದ ಸಂಗ್ರಹಣೆಯ ಏರ್ಪಾಡನ್ನು ನಗರದ ಓಟವೊಂದು ನಡೆಸಲಾರದು.

ಪರವಾದಿಗಳು ಎತ್ತಿದ ಫ್ರಾನ್ಸಿಸ್ ಹೇವರ್ಡ್ ಪ್ರಸಂಗಕ್ಕೆ ಇನ್ನೊಂದು ಭಾಗವಿದೆ. ಆಯೋಜಕರು ಪದಕ ನಿರಾಕರಿಸಿದಾಗ ಸಹ ಓಟಗಾರರೂ ಪ್ರೇಕ್ಷಕರೂ ಸೇರಿ ಆಕೆಗೆ ಬೆಳ್ಳಿಯ ಚಹಾ ಪಾತ್ರೆಗಳ ಜೋಡಣೆಯನ್ನೂ ಹೂವಿನ ಬೋಗುಣಿಯನ್ನೂ ಕಾಣಿಕೆಯಾಗಿ ಕೊಟ್ಟರು. ಯಾವ ಪ್ರಕಟಣೆಯಲ್ಲೂ ಸೇರಿರದ, ಯಾವ ಶುಲ್ಕದಲ್ಲೂ ಅಡಗಿರದ, ಕಂಡವರ ಮೆಚ್ಚುಗೆಯಿಂದಲೇ ಹುಟ್ಟಿದ ಆ ಸ್ಮರಣಿಕೆ, ಸಾವಿರಗಟ್ಟಲೆ ಎರಕ ಹೊಯ್ದ ಬಿಲ್ಲೆಗಳಿಗಿಂತ ಹಿರಿದಾದದ್ದು ಎಂಬ ವಿರೋಧಿಗಳ ಮಾತಿನಲ್ಲಿ ಸತ್ಯವಿದೆ.

ಪರವಾದಿಯ ಮರುನುಡಿ

ಆ ಕಾಣಿಕೆ ಹಿರಿದೆಂಬುದನ್ನು ಒಪ್ಪಿದರೂ, ಅದು ಹೇವರ್ಡ್ ಅವರ ಹೆಸರನ್ನು 1923ರ ಅಧಿಕೃತ ಫಲಿತಾಂಶಕ್ಕೆ ಸೇರಿಸಲಿಲ್ಲ ಎಂಬುದು ಉಳಿಯುತ್ತದೆ. ಜನರ ಮೆಚ್ಚುಗೆ ಸಂಸ್ಥೆಯ ಒಪ್ಪಿಗೆಗೆ ಬದಲಿಯಾಗದು. ಇದನ್ನು ಗಮನಿಸಿದರೆ ವಾದದ ಬಹುಪಾಲು ಪದಕದ ಮೇಲಿನದಲ್ಲ, ಪದಕದ ಹಿಂದಿರಬೇಕಾದ ಗಡುವಿನ ಮೇಲಿನದು ಎಂದು ತಿಳಿಯುತ್ತದೆ. ತರಬೇತಿಯಿಲ್ಲದೆ ಮುಗಿಸಲಾಗದ ದೂರವಿದ್ದು, ಅದಕ್ಕೆ ಸಡಿಲಗೊಳಿಸದ ಗಡುವು ಇದ್ದಲ್ಲಿ ಪದಕ ಕೊಡುವುದು ನ್ಯಾಯವೇ. ಚಿಕ್ಕ ದೂರದ ಓಟಗಳಲ್ಲಿ ನೋಂದಣಿಯ ಸಮಯದಲ್ಲೇ ಪದಕ ಬೇಕೇ ಬೇಡವೇ ಎಂದು ಕೇಳಿ, ಬೇಡವೆಂದವರ ಶುಲ್ಕದಲ್ಲಿ ಅದರ ಬೆಲೆಯನ್ನು ಕಳೆಯುವುದು ಎರಡೂ ಪಕ್ಷ ಒಪ್ಪಬಹುದಾದ ಕ್ರಮ. ಇನ್ನುಳಿಯುವ ಕಠಿಣ ಪ್ರಶ್ನೆ ಮೊದಲ ಬಾರಿಗೆ ಹತ್ತು ಕಿಲೋಮೀಟರ್ ಓಡುವ ಅರವತ್ತು ದಾಟಿದವರದು, ಕಾಯಿಲೆಯಿಂದ ಎದ್ದು ಬಂದವರದು. ಅವರ ಪಾಲಿಗೆ ಆ ದೂರವೇ ಕಾಮ್ರೇಡ್ಸ್ ಆಗಿರುವುದರಿಂದ, ಇಪ್ಪತ್ತೈದರ ತರುಣನಿಗಾಗಿ ಗೊತ್ತುಮಾಡಿದ ಒಂದೇ ಗಡುವನ್ನು ಅವರಿಗೂ ಅನ್ವಯಿಸುವ ಆಯೋಜಕರು ವಯಸ್ಸಿಗೆ ತಕ್ಕ ಬೇರೆ ಗಡುವುಗಳನ್ನು ಮೊದಲು ರೂಪಿಸಬೇಕಾಗುತ್ತದೆ.